ಐಹೊಳಿ ಕೋಟಿ, ಹೊಳಿ, ಪರಶುರಾಮನ ಹೆಜ್ಜಿ: ಒಂದ ದಿನದಾಗ ನೋಡೂದು ಹೆಂಗ?

ವಿಜಯಪುರದವ
ನಮಸ್ಕಾರ್ರಿ. ಡಿಸೆಂಬರ್‌ನಾಗ ಐಹೊಳಿಗೆ ಹೊಂಟೀವಿ. ಗುಡಿಗಳ ಮಾಹಿತಿ ಬೇಕಾದಷ್ಟು ಸಿಕ್ತು, ಮೇಗುತಿ ಗುಡ್ಡದ ಕೋಟಿ ಬಗ್ಗೆ ಮಾತ್ರ ಏನೂ ಸಿಗವಲ್ದು. ಯಾವ ಹೊತ್ತಿಗೆ ಏರಬೇಕು, ಮ್ಯಾಲೆ ಏನೇನು ಐತಿ? ಪರಶುರಾಮನ ಹೆಜ್ಜಿ ಎಲ್ಲಿ ಬರ್ತದ? ಅವ್ವಗ ಮೊಣಕಾಲ ಬ್ಯಾನಿ, ಗುಡ್ಡ ಏರೂದು ಆಗಂಗಿಲ್ಲ.

ಮಲಪ್ರಭಾ ದಂಡಿ
ಮುಂಜಾನೆ ಗುಡ್ಡ, ಮಧ್ಯಾಹ್ನ ಊರಾಗಿನ ಗುಡಿ, ಸಂಜಿಮುಂದ ಹೊಳಿ. ಇದನ್ನ ಉಲ್ಟಾ ಮಾಡಬ್ಯಾಡ್ರಿ. ಗುಡ್ಡದ ಮ್ಯಾಲೆ ನೆರಳಿಲ್ಲ, ಬಿಸಿಲೇರಿದಂಗ ಮರಳುಗಲ್ಲು ಕಾಯ್ತದ, ಕುಡಿಯೂ ನೀರೂ ಸಿಗಂಗಿಲ್ಲ. ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಕೆಳಗಿಂದನ ಒಯ್ಯಿರಿ.

ಮೆಟ್ಟಲ ಏರೂ ಮುಂದ ದಾರ್‍ಯಾಗ ಎರಡಂತಸ್ತಿನ ಬೌದ್ಧ ಗುಡಿ ಬರ್ತದ. ಅಲ್ಲಿ ಹತ್ತು ನಿಮಿಷ ದಣಿವಾರಿಸ್ಕೊಂಡು ಮ್ಯಾಲೆ ಹೋಗ್ರಿ. ಮ್ಯಾಲೆ ಮೇಗುತಿ ಜೈನ ಬಸದಿ, ಅದನ್ನ ದಾಟಿದ್ರ ಬಯಲಾಗ ಕಬ್ಬಿಣ ಯುಗದ ಕಲ್ಲುಗೋರಿಗಳು. ಹೆಚ್ಚಿನ ಮಂದಿ ಬಸದಿ ನೋಡಿ ತಿರುಗಿ ಇಳೀತಾರ, ಕೋಟಿ ತಪ್ಪೂದು ಅಲ್ಲೇ. ಗ್ವಾಡಿ ಗುಡ್ಡದ ಅಂಚು ಹಿಡ್ಕೊಂಡು ಸುತ್ತ ಹೋಗ್ಯದ, ಅದರ ಒಳಮಗ್ಗಲ ನಡೀರಿ. ಅಲ್ಲಿಂದ ಕೆಳಗಿನ ಊರು, ಅದರಾಚೆ ಮಲಪ್ರಭಾ, ಎಲ್ಲಾ ಒಂದ ನೋಟಕ್ಕ ಕಾಣಸ್ತಾವ. ಈ ಜಾಗಾನ ಯಾಕ ಆರಿಸಿದ್ರು ಅನ್ನೂದು ಆಗ ತಿಳೀತದ. ಗ್ವಾಡಿ ಮ್ಯಾಲ ಹತ್ತಬ್ಯಾಡ್ರಿ, ಸಡಲಾದ ಕಲ್ಲ ಅದಾವ.

ಅವ್ವಾರನ್ನ ಅಷ್ಟೊತ್ತು ದುರ್ಗದ ಗುಡಿ ಆವರಣದಾಗ ಕೂಡಸ್ರಿ. ಟಿಕೆಟ್ ತಗೋಬೇಕು, ಆದ್ರ ಸಪಾಟ ನೆಲ, ಗಿಡದ ನೆರಳು ಐತಿ. ಆ ಗುಡಿನೂ ಒಂದು ಕಾಲಕ್ಕ ಕೋಟಿಯೊಳಗ ಸೇರಿತ್ತು, ಮಾಳಗಿ ಮ್ಯಾಲ ಕಾವಲು ಕಟ್ಟೆ ಕಟ್ಟಿದ್ರು. ಬಾಜೂಕ ಮ್ಯೂಸಿಯಂ. ಶುಕ್ರವಾರ ಬಂದ್ ಇರ್ತದ, ದಿನ ನೋಡಿ ಬರ್ರಿ.

ಶಾಸನಪ್ರಿಯ
ಮೇಗುತಿಯಲ್ಲಿ, ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿಯ ಶಾಸನವನ್ನು ಬಿಡಬೇಡಿ. ಬಸದಿಯ ಪೂರ್ವದ ಹೊರಗೋಡೆಯಲ್ಲಿದೆ, 19 ಸಾಲು, ಭಾಷೆ ಸಂಸ್ಕೃತ. ಸೂರ್ಯ ಹುಟ್ಟಿದ ಕೂಡಲೇ ಬೆಳಕು ಗೋಡೆಗೆ ನೇರ ಬೀಳುವುದರಿಂದ ಅಕ್ಷರಗಳು ಮಂಕಾಗಿ ಕಾಣುತ್ತವೆ. ಡಿಸೆಂಬರಿನಲ್ಲಿ ಹತ್ತು ಗಂಟೆ ದಾಟಿದ ಮೇಲೆ ಬಿಸಿಲು ಗೋಡೆಯನ್ನು ಓರೆಯಾಗಿ ಸವರುತ್ತದೆ. ಆಗ ಕೊರೆದ ಗೆರೆಯೊಳಗೆ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ, ಫೋಟೋಕ್ಕೂ ಅದೇ ಹೊತ್ತು. ಅಕ್ಷರ ಕಾಣಲೆಂದು ನೀರು ಹಾಕುವುದು, ಸೀಮೆಸುಣ್ಣ ಉಜ್ಜುವುದು ದಯವಿಟ್ಟು ಬೇಡ. ಮರಳುಗಲ್ಲು ಅದನ್ನು ತಾಳುವುದಿಲ್ಲ.

ಕಾಲವನ್ನು ಶಕವರ್ಷ 556 ಎಂದು ಶಾಸನವೇ ಹೇಳುತ್ತದೆ. 78 ಕೂಡಿಸಿದರೆ ಕ್ರಿ.ಶ. 634. ಕೋಟೆ ನೋಡಲು ಹೋಗುವವರಿಗೆ ಅದರಲ್ಲೊಂದು ಸೊಗಸಾದ ಪದ್ಯವೂ ಇದೆ: ವರದಾ ನದಿಯ ದಂಡೆಯ ಬನವಾಸಿಗೆ ಇಮ್ಮಡಿ ಪುಲಕೇಶಿ ಮುತ್ತಿಗೆ ಹಾಕಿದಾಗ, ಅವನ ಸೇನಾಸಮುದ್ರ ಸುತ್ತಲ ನೆಲವನ್ನೆಲ್ಲ ಮುಚ್ಚಿ, ನೋಡುವವರ ಕಣ್ಣಿಗೆ ನೆಲದುರ್ಗವೇ ಜಲದುರ್ಗವಾದಂತಿತ್ತು ಎನ್ನುತ್ತಾನೆ ಕವಿ. ಈ ಸಾಲುಗಳನ್ನು ಹೊಳೆ ಕಾಣುವ ಗುಡ್ಡದ ಮೇಲೆ ನಿಂತು ನೆನೆಯಬೇಕು.

ವಿಜಯಪುರದವ
ಭಾಳ ಉಪಕಾರ ಆತ್ರಿ ಇಬ್ಬರಿಗೂ. ಹೊಳಿ ಕಡೆ ಅವ್ವನ್ನ ಕರ್ಕೊಂಡು ಹೋಗಬಹುದೇನ್ರಿ? ಆಕಿಗೆ ಎಲ್ಲಮ್ಮನ ಮ್ಯಾಲೆ ಭಕ್ತಿ ಭಾಳ.

ಮಲಪ್ರಭಾ ದಂಡಿ
ಹೋಗಬಹುದ್ರಿ. ರಾಮಲಿಂಗೇಶ್ವರ ಗುಡಿ ಹೊಳಿ ದಂಡಿಗೇ ಐತಿ, ಈಗೂ ಪೂಜಿ ನಡೀತದ. ಕೊಡಲಿ ಆಕಾರದ ಬಂಡಿಗಲ್ಲು, ಹೆಜ್ಜಿ ಗುರುತು ಅನ್ನೂದು ಎಲ್ಲಾ ಹೊಳಿ ಕಡೇನ, ಗುಡ್ಡದ ಮ್ಯಾಲ ಹುಡುಕಬ್ಯಾಡ್ರಿ. ಕ್ಷತ್ರಿಯರನ್ನ ಕೊಂದು ಬಂದ ಪರಶುರಾಮ ಇಲ್ಲಿ ಕೊಡಲಿ ತೊಳೆದ, ನೀರು ಕೆಂಪಾತು ಅಂತ ಕಥಿ. ಅವ್ವಾರಿಗೆ ಹೇಳ್ರಿ, ಸವದತ್ತಿ ಎಲ್ಲಮ್ಮ ಅಂದ್ರ ರೇಣುಕಾ, ಪರಶುರಾಮನ ತಾಯಿ. ಮರಳಿನ ಕೊಡ ಮಾಡಿ, ಹಾವಿನ ಸಿಂಬಿ ಇಟ್ಕೊಂಡು ಆಕಿ ನೀರು ತರತಿದ್ದದ್ದು ಇದ ಮಲಪ್ರಭಾದಾಗ. ತಾಯಿ ಕಥಿ ಹೊಳಿ ಮ್ಯಾಲ್ಕಡೆ ಸವದತ್ತ್ಯಾಗ, ಮಗನ ಕಥಿ ಕೆಳಗ ಐಹೊಳ್ಯಾಗ.

ಅವ್ವಾರು ದಂಡಿ ಮ್ಯಾಲ ನಿಂತ ನೋಡ್ಲಿ. ಬಂಡಿ ಮ್ಯಾಲ ಪಾಚಿ ಇರ್ತದ, ಒಣಗಿದಂಗ ಕಂಡ್ರೂ ಜಾರತದ.

ಶಾಸನಪ್ರಿಯ
ಮಳೆಗಾಲದಲ್ಲಿ ಬರಬೇಕೆನ್ನುವ ಬೇರೆಯವರಿಗೆ ಒಂದು ಮಾತು. ಐಹೊಳೆಯಲ್ಲಿ ಹನಿ ಬೀಳದಿದ್ದರೂ ಹೊಳೆ ಏರಬಹುದು. ಈ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಸುರಿದದ್ದು ನವಿಲುತೀರ್ಥ ಅಣೆಕಟ್ಟೆ ತುಂಬಿ, ಗೇಟು ತೆರೆದ ಮೇಲೆ ಇಲ್ಲಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು. ಜುಲೈನಿಂದ ಅಕ್ಟೋಬರ್‌ವರೆಗೆ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ನೋಡಿಕೊಂಡೇ ಹೊಳೆಗೆ ಇಳಿಯಿರಿ. ಡಿಸೆಂಬರಿನಲ್ಲಿ ಆ ಚಿಂತೆ ಇಲ್ಲ.

ಮಲಪ್ರಭಾ ದಂಡಿ
ಬಸ್ಸಿಗೆ ಬರೂದಾದ್ರ ಇಳಿಯೂ ಮುಂದ ಕಂಡಕ್ಟರಗ ಕೊನೀ ಬಸ್ ಎಷ್ಟಕ್ಕ ಅಂತ ಕೇಳ್ಕೊರ್ರಿ. ಸ್ವಂತ ಗಾಡಿ ಇದ್ರ ತಿರುಗಿ ಹೋಗೂ ಮುಂದ ಅಮೀನಗಡದಾಗ ಕರದಂಟು ತಗೊಳ್ರಿ.