ತೆರೆ ದಾಟಿ ದಡಕ್ಕೆ ಬರುವಾಗ ಕಯಾಕ್ ಮಗುಚಿತು, ಎಲ್ಲಿ ತಪ್ಪಿದೆ?

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರದಿಂದ):

ಸರ್, ನಮಸ್ಕಾರ. ಒಂದೂವರೆ ವರ್ಷದಿಂದ ಕಯಾಕ್ ಓಡಿಸ್ತಿದ್ದೀನಿ, ಆದರೆ ಎಲ್ಲ ಕೆರೆ, ಹಿನ್ನೀರಲ್ಲಿ. ನನ್ನದು ಮೇಲೆ ಕೂರುವ ಮಾದರಿ, ಹತ್ತು ಅಡಿ. ಹೋದ ತಿಂಗಳು ಕಾರಿನ ಮೇಲೆ ಕಟ್ಟಿಕೊಂಡು ಅರಬೈಲ್ ಘಾಟ್ ಇಳಿದು ಗೋಕರ್ಣದ ಕಡೆ ಹೋಗಿದ್ದೆ. ಸಮುದ್ರದೊಳಗೆ ಹೋಗುವಾಗ ಏನೂ ಆಗಲಿಲ್ಲ. ವಾಪಸ್ ಬರುವಾಗ ದಡ ಇನ್ನೇನು ಮೂವತ್ತು ಮೀಟರ್, ಹಿಂದಿನಿಂದ ಒಂದು ತೆರೆ ಎತ್ತಿತು. ಜೋರಾಗಿ ಪ್ಯಾಡಲ್ ಹೊಡೆದರೆ ಬೇಗ ದಡ ಸೇರ್ತೀನಿ ಅಂದುಕೊಂಡೆ. ದೋಣಿಯ ಮೂತಿ ನೀರಿಗೆ ಚುಚ್ಚಿತು, ದೋಣಿ ಅಡ್ಡ ತಿರುಗಿತು, ನಾನು ಬಿದ್ದೆ. ಸೊಂಟದಷ್ಟು ನೀರಲ್ಲಿ ಎದ್ದು ನಿಂತರೆ ಅದೇ ದೋಣಿ ಬಂದು ಮೊಣಕಾಲಿಗೆ ಬಡೀತು. ಎರಡು ವಾರ ಕುಂಟಿದೆ. ಎಲ್ಲಿ ತಪ್ಪಿದೆ?

ಉತ್ತರ (ಕರಾವಳಿಯಲ್ಲಿ ಕಯಾಕ್ ಕಲಿಸುವವರು, ಮೂಲ ಧಾರವಾಡ):

ಮೊಣಕಾಲು ಉಳೀತಲ್ಲ, ಅದೇ ಪುಣ್ಯ.

ಹುಬ್ಬಳ್ಳಿಯವರಿಗೆ ತೇರಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತೆ. ಸಿದ್ಧಾರೂಢರ ತೇರು ಹೊರಟಾಗ ಗಾಲಿ ಮುಂದೆ ಯಾರಾದರೂ ನಿಲ್ತಾರಾ? ಹಿಂದೆ ಎಷ್ಟು ಜನ ಬೇಕಾದರೂ ಆರಾಮಾಗಿ ನಡೀತಾರೆ. ತೆರೆಯೂ ಹಾಗೇ. ಅದರ ಬೆನ್ನ ಮೇಲೆ ಬನ್ನಿ, ಮುಖದ ಮೇಲೆ ಬರಬೇಡಿ. ಜೋರಾಗಿ ಹೊಡೆದು ನೀವು ತೆರೆಯ ವೇಗ ಹಿಡಿದಿರಿ, ಅದು ನಿಮ್ಮನ್ನು ಇಳಿಜಾರಲ್ಲಿ ಜಾರಿಸಿತು. ಅಲ್ಲಿಂದ ಮುಂದೆ ದೋಣಿ ನಿಮ್ಮ ಮಾತು ಕೇಳಲ್ಲ.

ಇದು ಕೆರೆಯ ಅಭ್ಯಾಸ. ಕೆರೆಯಲ್ಲಿ ದಡಕ್ಕೆ ತಿರುಗಿದ ಮೇಲೆ ಹಿಂದೆ ನೋಡುವ ಕೆಲಸವೇ ಇರಲ್ಲ. ಸಮುದ್ರದಲ್ಲಿ ಕುತ್ತಿಗೆ ನೋಯುವಷ್ಟು ಹಿಂದೆ ನೋಡಬೇಕು.

ತೆರೆ ಒಡೆಯುವ ಜಾಗದಿಂದ ಸಾಕಷ್ಟು ಹೊರಗೆ ನಿಲ್ಲಿ. ನೀರು ಆಳ ಕಡಿಮೆಯಾದಂತೆ ತೆರೆಯ ಓಟ ತಗ್ಗುತ್ತೆ, ಎತ್ತರ ಏರುತ್ತೆ, ಕೊನೆಗೆ ಮುಂದಕ್ಕೆ ಮಗುಚುತ್ತೆ. ಒಂದು ಮೀಟರ್ ತೆರೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತೆ. ಅಂದರೆ ನಿಮ್ಮ ಎದೆಮಟ್ಟದ ನೀರಲ್ಲಿ. ಅಲ್ಲಿ ತಲೆಕೆಳಗಾಗಿ ಬಿದ್ದರೆ ತಲೆ ತಳದ ಮರಳಿಗೆ ಬಡಿಯುತ್ತೆ. ಅದಕ್ಕೇ ಹೆಲ್ಮೆಟ್ ಬೇಕು ಅನ್ನೋದು. ಲೈಫ್ ಜಾಕೆಟ್ ಹಾಕಿದ್ದಿರಿ ಅಂದುಕೊಳ್ತೀನಿ.

ಹೊರಗೆ ನಿಂತು ನೋಡಿದರೆ ತೆರೆ ಚಿಕ್ಕದಾಗಿ ಕಾಣುತ್ತೆ, ಯಾಕಂದ್ರೆ ನಿಮಗೆ ಕಾಣೋದು ಅದರ ಬೆನ್ನು ಮಾತ್ರ. ಇಲ್ಲೇ ಜನ ಮೋಸ ಹೋಗೋದು. ದಡದ ಜನರನ್ನು ನೋಡಿ. ನಿಮ್ಮ ಮುಂದೆ ಹೋದ ತೆರೆ ಅವರನ್ನು ತಲೆಯವರೆಗೂ ನಿಮ್ಮ ಕಣ್ಣಿಗೆ ಮರೆ ಮಾಡಿತು ಅಂದರೆ ಅದು ಕೂತ ನಿಮ್ಮ ಕಣ್ಣಿಗಿಂತ ಎತ್ತರ ಇದೆ.

ತೆರೆಗಳು ಗುಂಪಾಗಿ ಬರ್ತವೆ. ನಾಲ್ಕೈದು ದೊಡ್ಡವು, ಆಮೇಲೆ ಸ್ವಲ್ಪ ಹೊತ್ತು ಚಿಕ್ಕವು. ಹತ್ತು ನಿಮಿಷ ಸುಮ್ನೆ ಕೂತು ಎಣಿಸಿ. ಯಾರೂ ಕೂರಲ್ಲ, ಎಲ್ಲರಿಗೂ ಚಹಾದ ನೆನಪಾಗಿರುತ್ತೆ. ಗುಂಪಿನ ಕೊನೆಯ ದೊಡ್ಡ ತೆರೆ ನಿಮ್ಮ ಕೆಳಗೆ ಹಾದು ಹೋದ ತಕ್ಷಣ ಅದರ ಬೆನ್ನ ಹಿಂದೆಯೇ ಹೊರಡಿ. ಹಿಂದೆ ಮತ್ತೊಂದು ಎದ್ದು ದೋಣಿಯ ಬಾಲ ಎತ್ತುತ್ತಿದೆ ಅನ್ನಿಸಿದರೆ ನಿಲ್ಲಿಸಿ, ಹಿಂದಕ್ಕೆ ಹೊಡೆಯಿರಿ. ಅದು ಕೆಳಗಿಂದ ಮುಂದೆ ಹೋಗಲಿ, ಮತ್ತೆ ಹಿಂಬಾಲಿಸಿ.

ಇಷ್ಟಾದರೂ ದೋಣಿ ಅಡ್ಡ ತಿರುಗಿದರೆ ತೆರೆಯ ಕಡೆಗೇ ವಾಲಿ, ಪ್ಯಾಡಲನ್ನು ಅದರ ನೊರೆಯ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿಯಿರಿ. ಮನಸ್ಸು ದಡದ ಕಡೆ ವಾಲು ಅನ್ನುತ್ತೆ. ವಾಲಿದರೆ ಕ್ಷಣದಲ್ಲಿ ಮಗುಚುತ್ತೆ. ಮೊಣಕೈ ಹೊಟ್ಟೆಯ ಹತ್ತಿರವೇ ಇರಲಿ. ಕೈ ತಲೆಯ ಮೇಲೆ ಚಾಚಿದ್ದಾಗ ತೆರೆ ಎಳೆದರೆ ಭುಜದ ಕೀಲು ತಪ್ಪುತ್ತೆ.

ಇನ್ನು ಮೊಣಕಾಲು. ನೀವು ದೋಣಿಗೂ ದಡಕ್ಕೂ ನಡುವೆ ನಿಂತಿದ್ದಿರಿ. ತೇರಿನ ಗಾಲಿ ಮುಂದೆ! ಬಿದ್ದ ಮೇಲೆ ಯಾವಾಗಲೂ ದೋಣಿಯ ಸಮುದ್ರದ ಬದಿಗೆ ಇರಿ. ನಿಮ್ಮದರಲ್ಲಿ ನೀರು ನಿಲ್ಲಲ್ಲ. ಒಳಗೆ ಕೂರುವ ಮಾದರಿಗೆ ಇನ್ನೂರು ಲೀಟರ್ ನೀರು ಹೊಕ್ಕರೆ ಇನ್ನೂರು ಕೆಜಿ, ಅದು ತೆರೆಯ ಜೊತೆ ಓಡಿ ಬರುತ್ತೆ.

ಪ್ರಶ್ನೆ (ಗದಗಿನಿಂದ):

ಸರ್, ಎರಡೂ ಕಡೆ ನೊರೆ ಇದ್ದು ನಡುವೆ ಒಂದು ಓಣಿಯಷ್ಟು ಜಾಗದಲ್ಲಿ ನೀರು ಕಪ್ಪಗೆ, ಶಾಂತವಾಗಿ ಕಾಣುತ್ತಲ್ಲ. ಅಲ್ಲಿಂದ ಬಂದರೆ ಆಗಲ್ವಾ? ನಮ್ಮ ಅಣ್ಣ ಅದೇ ಸುರಕ್ಷಿತ ಅಂತಾನೆ.

ಉತ್ತರ:

ಅಕ್ಕಾರೆ, ಅಣ್ಣನಿಗೆ ಬೇಡ ಅನ್ನಿ. ದಡಕ್ಕೆ ಬಂದ ನೀರು ವಾಪಸ್ ಸಮುದ್ರಕ್ಕೆ ಹೋಗುವ ದಾರಿ ಅದು. ಅಲ್ಲಿ ಆಳ ಜಾಸ್ತಿ, ಅದಕ್ಕೇ ತೆರೆ ಒಡೆಯಲ್ಲ. ಹೊರಗೆ ಹೋಗುವಾಗ ಗೊತ್ತಿದ್ದವರು ಅದನ್ನೇ ಬಳಸ್ತಾರೆ. ಒಳಗೆ ಬರುವಾಗ ಮಾತ್ರ ಎದುರು ಹೊಡೆದೂ ಹೊಡೆದೂ ತೋಳು ಸೋಲುತ್ತೆ. ಸಿಕ್ಕಿಕೊಂಡರೆ ದಡದ ಉದ್ದಕ್ಕೆ ಪಕ್ಕಕ್ಕೆ ಸರಿಯಿರಿ. ಈಜುವವರಿಗೂ ಇದೇ ಮಾತು.

ಪ್ರಶ್ನೆ (ಹಾವೇರಿಯಿಂದ):

ಹೊನ್ನಾವರದಲ್ಲಿ ಶರಾವತಿಯ ಒಳಗೆ ಓಡಿಸಿದ್ದೀವಿ, ನೀರು ಕನ್ನಡಿ ಥರ ಇತ್ತು. ಹಾಗೇ ಅಳಿವೆ ದಾಟಿ ಸಮುದ್ರಕ್ಕೆ ಹೋಗಿ ವಾಪಸ್ ಬರೋಣ ಅಂತ ಯೋಚನೆ.

ಉತ್ತರ:

ಬೇಡ. ಹೊಳೆ ಸಮುದ್ರ ಸೇರುವ ಜಾಗದಲ್ಲಿ ಮರಳಿನ ದಿಬ್ಬ ಇರುತ್ತೆ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತೆ, ಸಮುದ್ರದ ತೆರೆ ಒಳಗೆ ಬರುತ್ತೆ. ಎರಡೂ ಗುದ್ದಿಕೊಂಡಲ್ಲಿ ತೆರೆ ಗೋಡೆಯ ಥರ ನೆಟ್ಟಗೆ ನಿಲ್ಲುತ್ತೆ. ಮೀನುಗಾರರು ದೊಡ್ಡ ದೋಣಿಯಲ್ಲೇ ಅಲ್ಲಿ ಹೊತ್ತು ನೋಡಿ ದಾಟ್ತಾರೆ. ಹೊಳೆಯೊಳಗೇ ಇರಿ, ಚೆನ್ನಾಗೇ ಇದೆ.

ಪ್ರಶ್ನೆ (ವಿದ್ಯಾನಗರದವರೇ ಮತ್ತೆ):

ತುಂಬಾ ಉಪಕಾರ ಸರ್. ಯಾವ ಹೊತ್ತು ಒಳ್ಳೇದು? ಇಲ್ಲಿ ಹುಬ್ಬಳ್ಳಿಯಲ್ಲಿ ಕೂತು ಏನು ಅಭ್ಯಾಸ ಮಾಡಬಹುದು? ಇನ್ನೊಂದು, ದೋಣಿಯ ಹಗ್ಗ ಕಾಲಿಗೆ ಕಟ್ಟಿಕೊಂಡಿದ್ದೆ. ಅದೂ ತಪ್ಪಾ?

ಉತ್ತರ:

ಹೊತ್ತು ಬೆಳಗಿನದು. ಹುಬ್ಬಳ್ಳಿಯಿಂದ ನಸುಕಿಗೇ ಬಿಟ್ಟರೂ ದೋಣಿ ಇಳಿಸಿ ಕಟ್ಟು ಬಿಚ್ಚೋದರಲ್ಲಿ ಹನ್ನೊಂದಾಗುತ್ತೆ. ಮಧ್ಯಾಹ್ನ ಸಮುದ್ರದ ಗಾಳಿ ಏಳುತ್ತೆ, ತೆರೆ ಕೆಡುತ್ತೆ. ನಮ್ಮ ಕಡೆಯವರು ಸರಿಯಾಗಿ ಆ ಹೊತ್ತಿಗೇ ನೀರಿಗೆ ಇಳೀತಾರೆ! ಹಿಂದಿನ ರಾತ್ರಿ ಹೋಗಿ ಉಳಿದುಕೊಳ್ಳಿ. ಗುಡ್ಡದ ಮರೆ ಇರುವ ಮೂಲೆ ಹುಡುಕಿ, ಕುಡ್ಲೆ, ಓಂ ಬೀಚ್‌ನಲ್ಲಿ ಎರಡೂ ಬದಿಗೆ ಗುಡ್ಡ ಇದೆ. ಬಂಡೆಯಿಂದ ಮಾತ್ರ ದೂರ ಇರಿ.

ಹೋಗುವ ಮುಂಚೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ತೆರೆಯ ಮುನ್ಸೂಚನೆ ನೋಡಿ. ಎತ್ತರ ಒಂದನ್ನೇ ನೋಡಬೇಡಿ, ಎರಡು ತೆರೆಗಳ ನಡುವಿನ ಸೆಕೆಂಡು ನೋಡಿ. ಐದಾರು ಸೆಕೆಂಡಿನದು ಇಲ್ಲಿಯದೇ ಗಾಳಿಯ ತೆರೆ. 14, 15 ಸೆಕೆಂಡು ಇದ್ದರೆ ಅದು ದಕ್ಷಿಣದ ದೂರದ ಬಿರುಗಾಳಿಯಿಂದ ಬಂದದ್ದು. ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡದಲ್ಲಿ ದಬದಬ ಬೀಳುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರದ ಮಾತೇ ಬೇಡ.

ಅಭ್ಯಾಸಕ್ಕೆ ಕೆರೆ ಸಾಕು. ಹಿಂದಕ್ಕೆ ಹೊಡೆಯೋದನ್ನು ಕಲಿಯಿರಿ, ಹತ್ತು ಹೊಡೆತ ನೇರ ಹಿಂದಕ್ಕೆ, ಭುಜದ ಮೇಲಿಂದ ನೋಡುತ್ತಾ. ಬೇಕಂತಲೇ ಬಿದ್ದು ಹತ್ತೋದನ್ನೂ ಮಾಡಿ, ಜೊತೆಗೊಬ್ಬರು ಇರಲಿ.

ಹಗ್ಗದ ಮಾತು ಮೊದಲೇ ಹೇಳಬೇಕಿತ್ತು ನೀವು. ತೆರೆ ಒಡೆಯುವ ಜಾಗಕ್ಕೆ ಬರುವ ಮುಂಚೆ ಅದನ್ನು ಬಿಚ್ಚಿ ದೋಣಿಗೇ ಸಿಕ್ಕಿಸಬೇಕು. ಈಗ ತಿಳೀತು, ಅಷ್ಟು ದೊಡ್ಡ ಸಮುದ್ರದಲ್ಲಿ ದೋಣಿ ನಿಮ್ಮ ಮೊಣಕಾಲನ್ನೇ ಹುಡುಕಿಕೊಂಡು ಯಾಕೆ ಬಂತು ಅಂತ.