ತುಂಬಿಯೇ ವಾಪಸ್ ಬರುತ್ತಿರುವ ಬುತ್ತಿ: ಹದಿನೇಳರ ಮಗನನ್ನು ಡಾಕ್ಟರಿಗೆ ತೋರಿಸಬೇಕಾ?

ಶಿಗ್ಗಾವಿಯ ತಾಯಿ

ಮಗನಿಗೆ 17. ಧಾರವಾಡದಲ್ಲಿ ಪಿಯುಸಿ ಎರಡನೇ ವರ್ಷ, ಸೈನ್ಸ್. ಸಪ್ತಾಪುರದ ಹತ್ತಿರ ಇನ್ನಿಬ್ಬರು ಹುಡುಗರ ಜೊತೆ ರೂಮ್ ಮಾಡಿದ್ದಾನೆ. ಕಾಲೇಜಿನ ಜೊತೆಗೆ ನೀಟ್ ಕೋಚಿಂಗ್. ದಿನಾ ಬೆಳಗಿನ ಬಸ್ಸಿಗೆ ಬುತ್ತಿ ಕಳಿಸುತ್ತೇನೆ, ಸಂಜೆ ಬಸ್ಸಿಗೆ ಖಾಲಿ ಡಬ್ಬಿ ಬರುತ್ತದೆ. ಮೂರು ವಾರದಿಂದ ಡಬ್ಬಿ ತುಂಬಿಯೇ ಬರುತ್ತಿದೆ. ಮೊನ್ನೆ ಬಿಚ್ಚಿ ನೋಡಿದರೆ ರೊಟ್ಟಿ ನಾನು ಮಡಚಿಟ್ಟ ಹಾಗೆಯೇ ಇದ್ದವು. ಬದನೆಕಾಯಿ ಪಲ್ಯ ಹಳಸಿ ನೊರೆ ಬಂದಿತ್ತು. ಫೋನ್ ಮಾಡಿದರೆ "ಹಸಿವಿಲ್ಲಬೇ" ಅಂತ ಇಟ್ಟುಬಿಡುತ್ತಾನೆ. ಕ್ರಿಕೆಟ್ ಅಂದರೆ ಊಟ ಬಿಡುತ್ತಿದ್ದವನು ಈಗ ಬ್ಯಾಟ್ ಮುಟ್ಟಿಲ್ಲವಂತೆ. ರಾತ್ರಿ ಮೂರರವರೆಗೂ ಎಚ್ಚರ ಇರುತ್ತಾನೆ ಅಂತ ರೂಮಿನ ಹುಡುಗ ಹೇಳಿದ. ನಮ್ಮ ಮನೆಯವರು "ವಯಸ್ಸು, ತಾನೇ ಸರಿ ಹೋಗ್ತಾನ" ಅಂತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸೋಣ ಅಂದೆ. "ಹುಚ್ಚಾಸ್ಪತ್ರೆಗಾ?" ಅಂತ ಎದ್ದು ಹೋದರು. ತಿಳಿದವರು ಹೇಳಿ.

ರೋಣದ ರೈತ

ಅಕ್ಕಾರೆ, ಗಾಬರಿ ಆಗಬೇಡಿ. ಮೊದಲು ಆ ಮೊಬೈಲ್ ಕಸಿದುಕೊಳ್ಳಿ. ರಾತ್ರಿ ಮೂರರವರೆಗೆ ಎಚ್ಚರ ಇದ್ದರೆ ಯಾರಿಗೆ ಹಸಿವಾಗುತ್ತದೆ? ಊರಿಗೆ ಕರೆಸಿ ಹದಿನೈದು ದಿನ ಹೊಲಕ್ಕೆ ಕಳಿಸಿ. ಬಿಸಿಲು, ಗಾಳಿ, ತಾಯಿ ಕೈ ಊಟ. ನಾನೂ ಗದಗಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದವನು. ನಮಗೂ ಕಷ್ಟ ಇತ್ತು, ದಾಟಿ ಬಂದೆವು. ಆಸ್ಪತ್ರೆ ಚೀಟಿ ಒಮ್ಮೆ ಆಯ್ತು ಅಂದರೆ ಊರಿನ ಬಾಯಿ ಮುಚ್ಚಿಸೋಕೆ ಆಗಲ್ಲ. ನಾಳೆ ಅವನಿಗೆ ನೌಕರಿ ಬೇಕು, ಹೆಣ್ಣು ಕೊಡೋರು ಬೇಕು.

ಆಪ್ತಸಮಾಲೋಚಕಿ, ಹುಬ್ಬಳ್ಳಿ

ಅಣ್ಣಾರೆ, ಹೊಲ, ಬಿಸಿಲು, ಮನೆ ಊಟ ಒಳ್ಳೆಯದೇ. ಆದರೆ ತಾಯಿ ಬರೆದದ್ದನ್ನು ಇನ್ನೊಮ್ಮೆ ಓದಿ. ಊಟ ಬಿಟ್ಟಿದ್ದಾನೆ, ನಿದ್ದೆ ಕೆಟ್ಟಿದೆ, ಜೀವಕ್ಕಿಂತ ಹೆಚ್ಚಿದ್ದ ಆಟ ಬಿಟ್ಟಿದ್ದಾನೆ, ಮಾತು ಬಿಟ್ಟಿದ್ದಾನೆ. ಅದೂ ಮೂರು ವಾರದಿಂದ. ಇಂಥದ್ದು ಎರಡು ವಾರ ದಾಟಿದರೆ ಖಿನ್ನತೆ ಇರಬಹುದಾ ಅಂತ ಡಾಕ್ಟರು ನೋಡುತ್ತಾರೆ. ಇದೇ ಅಂತ ನಾನು ಇಲ್ಲಿ ಕೂತು ಹೇಳುವುದಿಲ್ಲ. ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇರುವುದು, ಇವೂ ಹೀಗೇ ಸುಸ್ತು ಮಾಡುತ್ತವೆ. ಅದಕ್ಕೇ ತೋರಿಸಬೇಕು.

ನಿದ್ದೆ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಹತ್ತಕ್ಕೆ ಮಲಗು ಅಂದರೆ ಎಷ್ಟೋ ಮಕ್ಕಳಿಗೆ ಕಣ್ಣು ಹತ್ತುವುದಿಲ್ಲ. ಆದರೆ ಈ ವಯಸ್ಸಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೇ ಕೋಚಿಂಗ್ ಅಂದರೆ ಅದು ಎಲ್ಲಿ ಸಿಗುತ್ತದೆ? ಮೊಬೈಲ್ ಇದನ್ನು ಇನ್ನೂ ಕೆಡಿಸುತ್ತದೆ, ಅಷ್ಟರ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಎಷ್ಟೋ ಸಲ ಮನಸ್ಸು ಕುಸಿದದ್ದಕ್ಕೇ ನಿದ್ದೆ ಬರುವುದಿಲ್ಲ. ನಿದ್ದೆ ಬರುವುದಿಲ್ಲ ಅಂತ ಮೊಬೈಲ್ ಹಿಡಿಯುತ್ತಾರೆ.

ಇದು ಇವನೊಬ್ಬನ ಕತೆಯೂ ಅಲ್ಲ. 10ರಿಂದ 19 ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೂಮಿಗೆ ಮೂವರು ಹುಡುಗರು ಅಂದರೆ ನೀವೇ ಲೆಕ್ಕ ಹಾಕಿ.

ಡಿಗ್ರಿ ಹುಡುಗಿ, ಹುಬ್ಬಳ್ಳಿ

ನನಗೆ ಪಿಯುಸಿಯಲ್ಲಿ ಇದೇ ಆಗಿತ್ತು. ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುತ್ತಿದ್ದೆ. ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಅವ್ವ ಚಹಾ ತಂದರೂ ಸಿಟ್ಟು. "ಸೊಕ್ಕು ಬಂದೈತಿ ಇಕಿಗೆ" ಅಂತ ಎಲ್ಲರೂ ಅಂದರು. ವಾಪಸ್ ಬರುವಾಗ ನನ್ನ ಸ್ಟಾಪ್ ಉಣಕಲ್ಲು ಬಂದರೂ ಇಳಿಯದೆ ಬಸ್ಸಿನ ಕೊನೆಯ ಸ್ಟಾಪಿನವರೆಗೂ ಸುಮ್ನೆ ಕೂತಿರುತ್ತಿದ್ದೆ, ಏಳೋಕೆ ಶಕ್ತಿನೇ ಇರುತ್ತಿರಲಿಲ್ಲ. ಅಪ್ಪ ಫೋನ್ ಕಿತ್ತುಕೊಂಡರು. ನನ್ನ ಜೊತೆ ಮಾತಾಡುತ್ತಿದ್ದ ಒಬ್ಬಳೇ ಗೆಳತಿ ಅದರಲ್ಲಿದ್ದಳು. ದಯವಿಟ್ಟು ಕಿತ್ತುಕೊಳ್ಳಬೇಡಿ. ರಾತ್ರಿ ಹೊತ್ತು ಬೇರೆ ಕಡೆ ಇಡೋಣ ಅಂತ ಅವನನ್ನೇ ಕೇಳಿ ಮಾಡಿ.

ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ಅಜ್ಜಿ. ಮಾತಾಡಿಸಿದರು, ಕೆಲವು ತಿಂಗಳು ಗುಳಿಗೆ ಕೊಟ್ಟರು. ಯಾರೂ ಅಡ್ಮಿಟ್ ಮಾಡಲಿಲ್ಲ.

ಪಿಯು ಉಪನ್ಯಾಸಕ, ಧಾರವಾಡ

ಒಂದು ಸೆಕ್ಷನ್ನಿನಲ್ಲಿ ನನಗೆ ಎಂಬತ್ತು ಮಕ್ಕಳು. ಯಾರು ಬಂದಿಲ್ಲ ಅಂತ ಗೊತ್ತಾಗುತ್ತದೆ. ಬಂದೂ ಇಲ್ಲದವರು ಗೊತ್ತಾಗುವುದಿಲ್ಲ. ಇದನ್ನು ಬರೆಯುವಾಗ ನನಗೇ ನೋವಾಗುತ್ತಿದೆ. ತಾಯಿಯವರೇ, ಅವನಿಗೆ ಒಂದು ಮಾತು ಮುಟ್ಟಿಸಿ. ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ಮಾರ್ಚ್ ಒಂದೇ ಬಾಗಿಲು ಅಂತ ಈ ಮಕ್ಕಳು ತಲೆಯಲ್ಲಿ ಕೂರಿಸಿಕೊಂಡುಬಿಟ್ಟಿದ್ದಾರೆ. ನಾವೇ ಕೂರಿಸಿದ್ದು.

ರೋಣದ ರೈತ

ಸರ್, ನೀವೆಲ್ಲ ಹೇಳಿದ್ದು ಒಪ್ಪುತ್ತೇನೆ. ಆದರೆ ಹೆಸರು ಕೆಡುವ ಭಯ ಪೇಟೆಯವರಿಗೆ ಚಿಕ್ಕದು, ಹಳ್ಳಿಯಲ್ಲಿ ಚಿಕ್ಕದಲ್ಲ. ನಮ್ಮ ಓಣಿಯಲ್ಲಿ ಒಂದು ಮನೆಗೆ ಇವತ್ತಿಗೂ ಆ ಹೆಸರು ಹೋಗಿಲ್ಲ. ಆ ತಂದೆ ಎದ್ದು ಹೋದದ್ದು ಮಗನ ಮೇಲೆ ಪ್ರೀತಿ ಇಲ್ಲದೆ ಅಲ್ಲ.

ಆಪ್ತಸಮಾಲೋಚಕಿ, ಹುಬ್ಬಳ್ಳಿ

ಪ್ರೀತಿ ಇದ್ದದ್ದಕ್ಕೇ ಹೆದರಿದ್ದಾರೆ, ಅದು ನನಗೂ ಗೊತ್ತು. ಧಾರವಾಡದ ಆ ಆಸ್ಪತ್ರೆ ಶುರುವಾಗಿದ್ದು 1845ರಲ್ಲಿ, ಬ್ರಿಟಿಷರ ಕಾಲದಲ್ಲಿ. ಹಳೆಯ ಹೆಸರು ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಈಗ ಅಲ್ಲಿ ಬೆಳಿಗ್ಗೆ ಹೊರರೋಗಿಗಳಾಗಿ ಬಂದು ತೋರಿಸಿಕೊಂಡು ಮಧ್ಯಾಹ್ನ ಮನೆಗೆ ಹೋಗುವವರೇ ಜಾಸ್ತಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿಯೇ ಇಡಬೇಕು. ಡಾಕ್ಟರು ಕಾಲೇಜಿಗೆ ಹೋಗಿ ಹೇಳುವಂತಿಲ್ಲ. ತಂದೆಗೆ ಈಗಲೇ ಒಪ್ಪಿಗೆ ಇಲ್ಲದಿದ್ದರೆ ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರಿರುತ್ತಾರೆ. ಹರೆಯದವರಿಗಂತಲೇ ಸರ್ಕಾರದ ಸ್ನೇಹಾ ಕ್ಲಿನಿಕ್‌ಗಳಿವೆ. ಇವತ್ತು ರಾತ್ರಿಯೇ ಮಾತಾಡಬೇಕು ಅಂದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಕ್ಕಾರೆ, ಒಂದು ಪ್ರಶ್ನೆ ನೀವೇ ಅವನಿಗೆ ಕೇಳಬೇಕು. "ಸಾಯಬೇಕು ಅನಿಸ್ತದೇನಪಾ?" ಅಂತ ನೇರವಾಗಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೋಗುವುದಿಲ್ಲ, ಆ ಭಯ ಬೇಡ. ಹೂಂ ಅಂದರೆ ಬೈಯಬೇಡಿ, ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಶಿಗ್ಗಾವಿಯ ತಾಯಿ

ರಾತ್ರಿ ಫೋನ್ ಮಾಡಿದ್ದೆ. ಕೈ ನಡುಗುತ್ತಿತ್ತು, ಆದರೂ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. "ಸಾಯಬೇಕು ಅಂತಿಲ್ಲಬೇ, ಏಳಬಾರದು ಅನಿಸ್ತದ" ಅಂದ. ಆಮೇಲೆ ಅತ್ತ. ಐದನೇ ಕ್ಲಾಸಿನ ಮೇಲೆ ಅವನು ಅತ್ತದ್ದು ನಾನು ಕೇಳಿರಲಿಲ್ಲ. ಫಿಸಿಕ್ಸ್ ಟೆಸ್ಟಿನಲ್ಲಿ ಎರಡು ಸಲ ಫೇಲ್ ಆಗಿದ್ದಾನಂತೆ, ಅಪ್ಪ ಸಾಲ ಮಾಡಿ ಫೀ ಕಟ್ಟಿದ್ದಾರಲ್ಲ ಅಂತ ಅದನ್ನು ನಮಗೆ ಹೇಳಿರಲಿಲ್ಲ. ಇವರೂ ಪಕ್ಕದಲ್ಲೇ ಕೂತು ಎಲ್ಲಾ ಕೇಳಿದರು.

ಆಪ್ತಸಮಾಲೋಚಕಿ, ಹುಬ್ಬಳ್ಳಿ

ಅಕ್ಕಾರೆ, "ಏಳಬಾರದು" ಅನ್ನುವುದನ್ನೂ ಹಗುರ ಮಾಡಬೇಡಿ. ಇವತ್ತೇ ಹೊರಡಿ. ಡಾಕ್ಟರಿಗೂ ಇದೇ ಮಾತನ್ನು ಹೇಳಿ. ಅಲ್ಲಿ ಮುಟ್ಟುವವರೆಗೆ ರೂಮಿನ ಹುಡುಗರಲ್ಲಿ ಒಬ್ಬ ಅವನ ಜೊತೆಗೇ ಇರಲಿ.

ಶಿಗ್ಗಾವಿಯ ತಾಯಿ

ರೂಮಿನ ಹುಡುಗ ಪಕ್ಕದಲ್ಲೇ ಇದ್ದಾನೆ, ಕಾಲೇಜಿಗೆ ಹೋಗಲ್ಲ ಅಂದ. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟಿದ್ದೇವೆ. ಬುತ್ತಿ ಇವತ್ತು ನಾನೇ ತರ್ತೀನಿ ಅಂದೆ. "ಶೇಂಗಾ ಹಿಂಡಿ ತಗೊಂಡು ಬಾ" ಅಂದ.