ಕಿವಿ ತಮಟೆಯ ತೂತು: ಹಿಂದೆ ಕೊಯ್ಯಬೇಕೋ, ಎಂಡೋಸ್ಕೋಪ್ ಸಾಕೋ?

ಪ್ರಶ್ನೆ (ಮಲ್ಲೇಶ್ವರಂ): ಅಮ್ಮನಿಗೆ 52 ವರ್ಷ. ಬಲಗಿವಿ ಸೋರುವುದು ನಿಂತು ಮೂರು ತಿಂಗಳಾಯಿತು, ತಮಟೆಯ ತೂತು ಮುಚ್ಚಿಲ್ಲ. ಒಬ್ಬ ಡಾಕ್ಟರು ಕಿವಿಯ ಹಿಂದೆ ಕೊಯ್ಯಬೇಕು ಅಂದರು, ಇನ್ನೊಬ್ಬರು ಎಂಡೋಸ್ಕೋಪ್ ಸಾಕು ಅಂತಾರೆ. ಯಾವುದು ಸರಿ ಸರ್?

ಉತ್ತರ (ಇಎನ್‌ಟಿ ಸರ್ಜನ್): ತೂತು ಎಲ್ಲಿದೆ ಅಂತ ನೀವು ಬರೆದಿಲ್ಲ, ತೀರ್ಮಾನವಾಗುವುದು ಅದರ ಮೇಲೆಯೇ. ತಮಟೆಯ ನಡುವೆ ಇದ್ದು ಸುತ್ತ ಅಂಚು ಉಳಿದಿದ್ದರೆ ಎಂಡೋಸ್ಕೋಪ್ (ತುದಿಯಲ್ಲಿ ಲೆನ್ಸು, ಲೈಟು ಇರುವ ತೆಳು ಕೊಳವೆ) ಸಾಕು. ಮೇಲ್ಭಾಗದಲ್ಲಿದ್ದು ಹೊಟ್ಟಿನಂಥ ಬಿಳಿ ಪದರ ಕಾಣುತ್ತಿದ್ದರೆ ಕೊಲೆಸ್ಟಿಯಟೋಮಾ, ಅಂದರೆ ಕಿವಿಯೊಳಗೆ ಚರ್ಮ ಸೇರಿಕೊಂಡು ಬೆಳೆದು ಮೂಳೆ ತಿನ್ನುವ ರೋಗ, ಇರಬಹುದು. ಆಗ ಮೊದಲು ಟೆಂಪೊರಲ್ ಬೋನ್ (ಕಿವಿಯ ಸುತ್ತಲಿನ ಮೂಳೆ) ಸಿ.ಟಿ. ಸ್ಕ್ಯಾನ್ ಆಗಲಿ.

ಹಿಂದೆ ಕೊಯ್ದು ಮಾಡುವಾಗ ಬಳಸುವ ಮೈಕ್ರೋಸ್ಕೋಪ್ ಹೊರಗಿನಿಂದ ನೇರವಾಗಿ ನೋಡುತ್ತದೆ. ಕಿವಿಯ ನಾಳ ಡೊಂಕಾಗಿದ್ದರೆ ತಮಟೆಯ ಮುಂದಿನ ಅಂಚು ಮರೆಯಾಗುತ್ತದೆ, ಹಿಂದೆ ಕೊಯ್ಯುವುದಕ್ಕೆ ಅದೂ ಒಂದು ಕಾರಣ. ಎಂಡೋಸ್ಕೋಪ್‌ನ ಲೆನ್ಸು ನಾಳದೊಳಗೇ ಹೋಗುತ್ತದೆ. ಸಾಮಾನ್ಯವಾಗಿ 3 ಮಿ.ಮೀ. ದಪ್ಪ, 30 ಡಿಗ್ರಿಯದು ಓರೆಯಾಗಿ ಮೂಲೆಯನ್ನೂ ತೋರಿಸುತ್ತದೆ. ಮೊದಲು ತೂತಿನ ಅಂಚನ್ನು ಸುತ್ತಲೂ ಕಿತ್ತು ಹಸಿ ಮಾಡಬೇಕು, ಇಲ್ಲದಿದ್ದರೆ ಹೊಸ ಪದರ ಕೂಡಿಕೊಳ್ಳುವುದಿಲ್ಲ. ನಾಳದ ಚರ್ಮವನ್ನು ತಮಟೆಯ ಸಮೇತ ಎತ್ತಿ, ಕಿವಿ ಬಾಯಿಯ ಮುಂದಿರುವ ಪುಟ್ಟ ಉಬ್ಬಿನಿಂದ ತೆಗೆದ ಮೃದ್ವಸ್ಥಿಯನ್ನು ಅಡಿಯಲ್ಲಿ ಇಡುತ್ತೇವೆ. ಆಧಾರಕ್ಕೆ ಜೆಲ್‌ಫೋಮ್, ತಾನಾಗಿ ಕರಗಿಹೋಗುವ ಸ್ಪಂಜು. ಮುಂದಿನ ಅಂಚಿನಲ್ಲಿ ಆಧಾರ ಸಾಲದಿದ್ದರೆ ಅಲ್ಲಿಯೇ ಮತ್ತೆ ಬಾಯಿ ಬಿಡುತ್ತದೆ.

ಪ್ರಶ್ನೆ: ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಮಾಡಲ್ಲ?

ಉತ್ತರ: ಒಂದು ಕೈ ಎಂಡೋಸ್ಕೋಪ್ ಹಿಡಿದಿರುತ್ತದೆ, ಕೆಲಸಕ್ಕೆ ಉಳಿಯುವುದು ಒಂದೇ ಕೈ. ರಕ್ತ ಬಂದರೆ ಹೀರುವುದೂ ಬಿಡಿಸುವುದೂ ಒಟ್ಟಿಗೆ ಆಗದು. ಅದಕ್ಕೇ ತಲೆಯ ಕಡೆ ಎತ್ತರಿಸಿ, ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿ ಒತ್ತಿಟ್ಟು ಕಾಯಬೇಕು. ತುದಿ ಬಿಸಿಯಾಗುತ್ತದೆ. ಲೈಟನ್ನು ಅರ್ಧಕ್ಕಿಂತ ಕಡಿಮೆ ಇಟ್ಟು, ಆಗಾಗ ಹೊರತೆಗೆದು ತಣಿಸದಿದ್ದರೆ ಒಳಕಿವಿಗೆ ಶಾಖ ತಗಲುವ ಭಯ. ಸ್ಕ್ರೀನಿನಲ್ಲಿ ಆಳ ತಿಳಿಯುವುದೂ ಕಡಿಮೆ, ರೋಗಿ ಅಲುಗಿದರೆ ಕಿರುಮೂಳೆಗಳಿಗೆ ಪೆಟ್ಟು ಬೀಳಬಹುದು. ರೋಗ ಹಿಂದಿನ ಮ್ಯಾಸ್ಟಾಯ್ಡ್ ಮೂಳೆಯೊಳಗೆ ಹರಡಿದ್ದರೆ ಡ್ರಿಲ್ ಬೇಕು, ಎರಡೂ ಕೈ ಬೇಕು. ಅಂಥ ಕಿವಿಯಲ್ಲಿ ಗಾಯದ ಗುರುತಿಗೆ ಹೆದರಿ ಎಂಡೋಸ್ಕೋಪೇ ಬೇಕೆಂದು ಹಟ ಹಿಡಿಯಬೇಡಿ.

ಪ್ರಶ್ನೆ: ತಲೆಸ್ನಾನ ಯಾವಾಗ? ದೇವನಹಳ್ಳಿಯಿಂದ ದೆಹಲಿಗೆ ವಿಮಾನದ ಟಿಕೆಟ್ ಬೇರೆ ಆಗಿದೆ.

ಉತ್ತರ: ಆರು ವಾರ ಕಿವಿಗೆ ನೀರು ಬೇಡ. ತಲೆಗೆ ಹಾಕಿಕೊಳ್ಳುವಾಗ ವ್ಯಾಸಲೀನ್ ಸವರಿದ ಹತ್ತಿ ಇಡಿ. ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಲಿ. ಟಿಕೆಟ್ ಮುಂದಕ್ಕೆ ಹಾಕಿಸಿ. ಆಪರೇಷನ್ ಹೊತ್ತಿಗೆ ನೆಗಡಿ ಇದ್ದರೆ ಆಪರೇಷನ್ನನ್ನೂ ಮುಂದೂಡಿ. ಮೊದಲ ವಾರಗಳಲ್ಲಿ ಕಿವಿ ಕಟ್ಟಿದಂತಿರುವುದು ಜೆಲ್‌ಫೋಮ್‌ನಿಂದ, ಕೇಳಿಸುವಿಕೆಯ ಪರೀಕ್ಷೆ ಮೂರು ತಿಂಗಳಿಗೆ ಮಾಡಿಸಿದರಾಯಿತು. ಮುಖ ಒಂದು ಕಡೆ ಸೊಟ್ಟಗಾದರೆ, ಕೋಣೆಯೇ ಗಿರಗಿರ ತಿರುಗಿದಂತಾದರೆ, ಅವತ್ತೇ ಆಪರೇಷನ್ ಮಾಡಿದವರ ಹತ್ತಿರ ಕರೆದುಕೊಂಡು ಹೋಗಿ.